ಬಿ.ಪಿ. ಮಾತ್ರೆಯೂ ಹಣ್ಣಿನ ರಸವೂ

ಪ್ರಶ್ನೆ: ಬಿ.ಪಿ.ಗೆ ಅಮ್ಲೋಡಿಪಿನ್ ಮತ್ತು ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುತ್ತೇನೆ. ದ್ರಾಕ್ಷಿ ರಸ ಕುಡಿಯಬಾರದಂತೆ, ನಿಜವೇ? ಎರಡು ಗಂಟೆ ಬಿಟ್ಟು ಕುಡಿದರೆ ಆದೀತೇ?

ಉತ್ತರ: ದ್ರಾಕ್ಷಿಯ ಮೇಲೆ ಈ ಅಪವಾದ ಬಂದದ್ದು ಹೆಸರಿನ ಗೊಂದಲದಿಂದ. ತಕರಾರು ಇರುವುದು ಗ್ರೇಪ್‌ಫ್ರೂಟ್ ಎಂಬ ಕಿತ್ತಳೆ ಜಾತಿಯ ದೊಡ್ಡ ಹಣ್ಣಿನದು. ಅದರ ಹತ್ತಿರದ ನೆಂಟ ಚಕ್ಕೋತಕ್ಕೂ ಇದೇ ಗುಣವಿದೆ. ದ್ರಾಕ್ಷಿ ಬೇರೆಯೇ ಹಣ್ಣು.

ನುಂಗಿದ ಮಾತ್ರೆಯ ಒಂದು ಪಾಲನ್ನು ಕರುಳಿನ ಗೋಡೆಯಲ್ಲಿರುವ ಸಿವೈಪಿ3ಎ4 ಎಂಬ ಕಿಣ್ವ ರಕ್ತ ಸೇರುವ ಮೊದಲೇ ಒಡೆದುಹಾಕುತ್ತದೆ. ವೈದ್ಯರು ಬರೆಯುವ ಡೋಸ್ ಈ ಸೋರಿಕೆಯನ್ನು ಲೆಕ್ಕಕ್ಕೆ ಹಿಡಿದೇ ಇರುತ್ತದೆ. ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯೂರನೋಕೌಮರಿನ್ ಎಂಬ ರಾಸಾಯನಿಕಗಳು ಆ ಕಿಣ್ವವನ್ನು ಕೆಡಿಸಿಬಿಡುತ್ತವೆ. ಆಗ ಮಾತ್ರೆ ಅದೇ ಆದರೂ ರಕ್ತಕ್ಕೆ ಸೇರುವ ಔಷಧಿ ಹೆಚ್ಚು. ಫೆಲೋಡಿಪಿನ್ ಎಂಬ ಬಿ.ಪಿ. ಮಾತ್ರೆಯಲ್ಲಿ ಇದು ಎರಡು ಮೂರು ಪಟ್ಟು ಏರುವುದುಂಟು. ತಲೆಸುತ್ತು, ಮುಖ ಕೆಂಪೇರುವುದು, ಎದೆ ಡವಗುಟ್ಟುವುದು, ಪಾದ ಊದುವುದು ಅದರ ಸೂಚನೆಗಳು. ಅದೇ ಬಗೆಯ ನಿಫೆಡಿಪಿನ್ ಮೇಲೂ ಪರಿಣಾಮವಿದೆ. ನಿಮ್ಮ ಅಮ್ಲೋಡಿಪಿನ್ ಮೇಲೆ ಮಾತ್ರ ತೀರಾ ಕಡಿಮೆ.

ಎರಡು ಗಂಟೆಯ ಅಂತರದಿಂದ ಪ್ರಯೋಜನವಿಲ್ಲ. ಕೆಟ್ಟ ಕಿಣ್ವ ಮತ್ತೆ ಸರಿಹೋಗುವುದಿಲ್ಲ, ಕರುಳು ಹೊಸದನ್ನೇ ತಯಾರಿಸಬೇಕು. ಅದಕ್ಕೆ ಒಂದರಿಂದ ಮೂರು ದಿನ ಬೇಕು. ಒಂದೇ ಲೋಟ, ಅಂದರೆ 200–250 ಮಿ.ಲೀ. ರಸ ಸಾಕು ಈ ಕೆಲಸಕ್ಕೆ. ಫೆಲೋಡಿಪಿನ್ ತೆಗೆದುಕೊಳ್ಳುವವರು ಈ ಹಣ್ಣನ್ನೇ ಬಿಡುವುದು ಲೇಸು.

ನೀವು ಗಮನಿಸಬೇಕಾದ್ದು ಟೆಲ್ಮಿಸಾರ್ಟಾನನ್ನು. ಅದು ದೇಹದಿಂದ ಪೊಟ್ಯಾಸಿಯಂ ಹೊರಹೋಗುವುದನ್ನು ತಗ್ಗಿಸುತ್ತದೆ; ರಕ್ತದಲ್ಲಿ ಪೊಟ್ಯಾಸಿಯಂ ಮಿತಿಮೀರಿದರೆ ಹೃದಯದ ಬಡಿತಕ್ಕೆ ಅಪಾಯ. ಒಂದು ಲೋಟ ಕಿತ್ತಳೆ ರಸದಲ್ಲಿ ಸುಮಾರು 450 ಮಿ.ಗ್ರಾಂ. ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡ ಚೆನ್ನಾಗಿದ್ದರೆ ಅಷ್ಟರಿಂದ ತೊಂದರೆಯಿಲ್ಲ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದರೆ, ಅಥವಾ ಪೊಟ್ಯಾಸಿಯಂ ಅನ್ನು ದೇಹದಲ್ಲೇ ಉಳಿಸುವ ಸ್ಪೈರೊನೊಲ್ಯಾಕ್ಟೋನ್ ಮಾತ್ರೆಯೂ ಜೊತೆಗಿದ್ದರೆ, ರಕ್ತಪರೀಕ್ಷೆ ಮಾಡಿಸಿ ವೈದ್ಯರನ್ನು ಕೇಳಿಯೇ ಕುಡಿಯಿರಿ. ರಸಕ್ಕಿಂತ ಹೆಚ್ಚು ಹುಷಾರಾಗಿರಬೇಕಾದ್ದು 'ಕಡಿಮೆ ಸೋಡಿಯಂ' ಉಪ್ಪಿನ ವಿಷಯದಲ್ಲಿ. ಅದರಲ್ಲಿ ಸೋಡಿಯಂ ಬದಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ.

ಪ್ರಶ್ನೆ: ಅಟೆನೊಲಾಲ್ ಮಾತ್ರೆಯನ್ನು ಕಿತ್ತಳೆ ರಸದ ಜೊತೆ ನುಂಗಬಹುದೇ?

ಉತ್ತರ: ಬೇಡ. ಇಲ್ಲಿ ಆಗುವುದು ತಿರುಗುಮುರುಗು. ಕಿತ್ತಳೆ ಮತ್ತು ಸೇಬಿನ ರಸ ಅಟೆನೊಲಾಲ್ ಹೀರಿಕೆಯನ್ನೇ ತಗ್ಗಿಸುತ್ತವೆ, ಬಿ.ಪಿ. ಹತೋಟಿಗೆ ಬಾರದೆ ಇರಬಹುದು. ಒಂದು ಲೋಟ ನೀರಿನಲ್ಲಿ ನುಂಗಿ. ರಸ ಬೇಕೆನಿಸಿದರೆ ನಾಲ್ಕು ಗಂಟೆ ಕಳೆದ ಮೇಲೆ ಕುಡಿಯಿರಿ. ಇಷ್ಟು ದಿನ ರಸದಲ್ಲೇ ನುಂಗುತ್ತಿದ್ದವರು ನೀರಿಗೆ ಬದಲಾದಾಗ ಔಷಧಿಯ ಪ್ರಭಾವ ಹೆಚ್ಚಾದೀತು. ಮೊದಲ ವಾರ ಬಿ.ಪಿ. ಮತ್ತು ನಾಡಿ ಎರಡನ್ನೂ ನೋಡಿಕೊಳ್ಳಿ. ನಾಡಿ ನಿಮಿಷಕ್ಕೆ 50ಕ್ಕಿಂತ ಇಳಿದರೆ ವೈದ್ಯರಿಗೆ ತಿಳಿಸಿ, ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.