ಮೊದಲ ಕಂತಲ್ಲೇ ಸತ್ತವನಿಗಾಗಿ ಹದಿನಾಲ್ಕನೇ ಕಂತಲ್ಲಿ ಅಳು

ಓದುಗರ ಪತ್ರ: ಮಗಳ ಕಾಟಕ್ಕೆ ‘ಫ್ರೀರೆನ್: ಬಿಯಾಂಡ್ ಜರ್ನೀಸ್ ಎಂಡ್’ ಅನ್ನುವ ಜಪಾನಿ ಅನಿಮೆ ನೋಡಲು ಕೂತೆ. ಹಿಮ್ಮೆಲ್ ಎಂಬ ವೀರ ಮೊದಲ ಕಂತಿನಲ್ಲೇ ಮುದುಕನಾಗಿ ಸಾಯುತ್ತಾನೆ. ಆಗ ನನಗೇನೂ ಅನ್ನಿಸಲಿಲ್ಲ. ಹದಿನಾಲ್ಕನೇ ಕಂತಿನಲ್ಲಿ ಅವನು ಉಂಗುರ ತೊಡಿಸುವ ದೃಶ್ಯ ಬಂತು ನೋಡಿ, ಕಣ್ಣು ತುಂಬಿತು. ಐವತ್ತು ದಾಟಿದ ನಾನು ಬರೆದ ಬೊಂಬೆಗೆ ಅಳೋದೇ? ಸಂಗೀತ ಹಾಕಿ ಅಳಿಸುವ ಹಳೇ ಟ್ರಿಕ್ಕೇ ತಾನೇ ಇದು?
– ಓದುಗರೊಬ್ಬರು, ತುಮಕೂರು

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ನಕ್ಕೆ. ಆಮೇಲೆ ಆ ಕಂತನ್ನು ಇನ್ನೊಮ್ಮೆ ಹಾಕಿಕೊಂಡು ನೋಡಿದೆ. ನಗು ನಿಂತಿತು.

ಇವಾನ್ ಕಾಲ್ ಅವರ ಸಂಗೀತ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಸಂಗೀತ ನಲ್ಲಿ ತಿರುಗಿಸಬಹುದು ಅಷ್ಟೇ. ಟ್ಯಾಂಕಿನಲ್ಲಿ ನೀರಿರಬೇಕಲ್ಲ. ಆ ನೀರು ತುಂಬಿದ್ದು ಹೇಗೆ ಅನ್ನುವುದಕ್ಕೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ: ‘ಆಗ ನನಗೇನೂ ಅನ್ನಿಸಲಿಲ್ಲ.’ ಸರಿ, ಅನ್ನಿಸಬಾರದು ಅಂತಲೇ ಆ ಕಂತನ್ನು ಕಟ್ಟಿದ್ದಾರೆ.

ನೋಡದವರಿಗಾಗಿ ಸ್ವಲ್ಪ ಕಥೆ. ಫ್ರೀರೆನ್ ಸಾವಿರ ವರ್ಷ ದಾಟಿದ ಎಲ್ಫ್, ಅಂದರೆ ಮನುಷ್ಯರಿಗಿಂತ ಎಷ್ಟೋ ಪಟ್ಟು ಹೆಚ್ಚು ಬದುಕುವ ಕುಲದವಳು, ಮಾಂತ್ರಿಕಳು. ಹಿಮ್ಮೆಲ್, ಪಾದ್ರಿ ಹೈಟರ್, ಕುಳ್ಳ ಯೋಧ ಐಸೆನ್ ಜೊತೆ ಹತ್ತು ವರ್ಷ ಅಲೆದು ದೆವ್ವಗಳ ರಾಜನನ್ನು ಕೊಂದು ಬರುತ್ತಾಳೆ. ಬೇರೆ ಕಥೆಗಳು ಮುಗಿಯುವ ಜಾಗದಲ್ಲಿ ಇದು ಶುರು. ಹತ್ತು ವರ್ಷ ಅವಳಿಗೆ ಎರಡು ದಿನದ ಪಿಕ್ನಿಕ್ ಇದ್ದ ಹಾಗೆ. ನಾಲ್ವರೂ ಉಲ್ಕೆಗಳ ಮಳೆ ನೋಡುತ್ತಾರೆ. ಐವತ್ತು ವರ್ಷಕ್ಕೊಮ್ಮೆ ಬರುವಂಥದ್ದು. ಮುಂದಿನ ಸಲ ಇನ್ನೂ ಚೆನ್ನಾಗಿ ಕಾಣುವ ಜಾಗಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಹೇಳಿ ಹೊರಟುಬಿಡುತ್ತಾಳೆ. ಐವತ್ತು ವರ್ಷ ಬಿಟ್ಟು ಬಂದರೆ ಹಿಮ್ಮೆಲ್ ಬೋಳು ತಲೆಯ ಮುದುಕ. ಮಾತಿನಂತೆ ಉಲ್ಕೆ ನೋಡುತ್ತಾರೆ. ಅವನು ಸಾಯುತ್ತಾನೆ. ಮನುಷ್ಯರ ಆಯಸ್ಸು ಚಿಕ್ಕದು ಅಂತ ಗೊತ್ತಿದ್ದೂ ಇವನನ್ನು ತಿಳಿದುಕೊಳ್ಳುವ ಮನಸ್ಸು ಯಾಕೆ ಮಾಡಲಿಲ್ಲ ಎಂದು ಅವಳು ಅಳುವುದು ಅವನನ್ನು ಮಣ್ಣು ಮಾಡುವಾಗ.

ನಮಗೂ ಅವನು ಅಷ್ಟೇ ಪರಿಚಯ. ಇಪ್ಪತ್ತು ನಿಮಿಷದ್ದು. ಅಲ್ಲಿಗೆ ಅವಳ ಲೆಕ್ಕವೂ ನಮ್ಮ ಲೆಕ್ಕವೂ ಸಮ. ಮುಂದೆ ಅವಳು ಅವನನ್ನು ಅರಿಯುತ್ತಾ ಹೋದ ಹಾಗೆ ನಾವೂ ಅರಿಯುತ್ತೇವೆ, ಅದೂ ಚಿಲ್ಲರೆ ಚಿಲ್ಲರೆಯಾಗಿ. ನಮ್ಮಲ್ಲಿ ವೈಕುಂಠ ಸಮಾರಾಧನೆಯ ದಿನ ಯಾರೋ ಗುರುತಿಲ್ಲದವರು ಬಂದು ‘ನಿಮ್ಮಪ್ಪ ನನ್ನ ಫೀಸು ಕಟ್ಟಿದ್ದರು’ ಅಂದಾಗ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆ ಕೆಲಸವನ್ನೇ ಇದು ವಾರ ವಾರ ಮಾಡುತ್ತದೆ.

ಹಿಮ್ಮೆಲ್‌ನ ಪ್ರತಿಮೆಗಳನ್ನೇ ತೆಗೆದುಕೊಳ್ಳಿ. ಊರೂರಲ್ಲೂ ತನ್ನ ಪ್ರತಿಮೆ ಮಾಡಿಸಿಕೊಂಡವನು. ಯಾವ ಭಂಗಿ ಚೆನ್ನ ಅಂತ ಶಿಲ್ಪಿಯ ತಲೆ ತಿನ್ನುವವನು. ಸುಮ್ನೆ ಜಂಬದ ಕೋಳಿ ಅಂದುಕೊಂಡು ನಗುತ್ತೇವೆ. ನಾವೆಲ್ಲ ಸತ್ತ ಮೇಲೆ ಫ್ರೀರೆನ್ ಒಂಟಿಯಾಗಬಾರದು, ಅದಕ್ಕೇ ಈ ಪ್ರತಿಮೆಗಳು ಅನ್ನುವುದು ಕೆಲವು ಕಂತುಗಳಾದ ಮೇಲೆ ಗೊತ್ತಾಗುತ್ತದೆ. ಮೊದಲು ನಗಿಸಿ, ಅದೇ ನಗುವಿನ ಕೆಳಗಿಂದ ಚಾಪೆ ಎಳೆಯುವುದು. ಈ ಸರಣಿಯ ನಿಜವಾದ ಟ್ರಿಕ್ ಇದು.

ಇನ್ನೊಂದು ಇದೆ. ‘ಹಿಮ್ಮೆಲ್ ಇದ್ದಿದ್ದರೆ ಹಾಗೇ ಮಾಡುತ್ತಿದ್ದ.’ ಮುಂದೆ ಫ್ರೀರೆನ್‌ಗೆ ಶಿಷ್ಯೆಯಾಗುವ ಅನಾಥೆ ಫೆರ್ನ್‌ಳನ್ನು ಹೈಟರ್ ಉಳಿಸಿದ್ದು ಈ ಮಾತು ಹೇಳಿ. ಫ್ರೀರೆನ್ ಕೂಡ ದಾರಿಯಲ್ಲಿ ಯಾರಿಗಾದರೂ ನೆರವಾದರೆ ಇದನ್ನೇ ಹೇಳುತ್ತಾಳೆ. ಪರದೆಯ ಮೇಲೆ ಕಾಲ ತೋರಿಸುವ ಅಕ್ಷರಗಳೂ ಅವನು ಸತ್ತು ಇಷ್ಟು ವರ್ಷ ಎಂದೇ ಎಣಿಸುತ್ತವೆ. ಸತ್ತವನೇ ಪಂಚಾಂಗ!

ಇದೆಲ್ಲ ಮೂಲ ಮಾಂಗಾದಲ್ಲೇ (ಜಪಾನಿ ಚಿತ್ರಕಥೆ ಪುಸ್ತಕ) ಇದೆಯಲ್ಲ ಅಂತ ನಿಮ್ಮ ಮಗಳು ಜಗಳಕ್ಕೆ ಬರಬಹುದು. ನಿಜ, 2020ರಲ್ಲಿ ಶುರುವಾದ ಕಾನೆಹಿತೋ ಯಮದಾ ಅವರ ಕಥೆ, ಸುಕಾಸಾ ಆಬೆ ಅವರ ಚಿತ್ರ. ಆದರೆ ಪುಸ್ತಕದಲ್ಲಿ ಪುಟ ತಿರುಗಿಸುವ ಬೆರಳು ನಮ್ಮದು. ಎಷ್ಟು ಹೊತ್ತು ನಿಲ್ಲಬೇಕು ಅನ್ನುವುದೂ ನಮ್ಮಿಷ್ಟ. ಅನಿಮೆಯಲ್ಲಿ ಆ ಗಡಿಯಾರ ನಿರ್ದೇಶಕರ ಕೈಯಲ್ಲಿರುತ್ತದೆ. ಮ್ಯಾಡ್‌ಹೌಸ್ ಸ್ಟುಡಿಯೋದಲ್ಲಿ ಇದನ್ನು ನಿರ್ದೇಶಿಸಿದ ಕೆಯಿಚಿರೋ ಸೈತೋ ಆ ಗಡಿಯಾರವನ್ನು ಬಳಸಿದ ರೀತಿಗೆ ಹದಿನೈದನೇ ಕಂತು ನೋಡಿ. ಫ್ರೀರೆನ್ ಜೊತೆ ಅಲೆಯುವ ಫೆರ್ನ್, ಐಸೆನ್‌ನ ಶಿಷ್ಯ ಸ್ಟಾರ್ಕ್ ಇಬ್ಬರೂ ಸದಾ ಕಿತ್ತಾಡುವ ಮಕ್ಕಳು. ಒಂದು ಔತಣಕೂಟದಲ್ಲಿ ಜೊತೆಯಾಗಿ ಕುಣಿಯಬೇಕಾಗುತ್ತದೆ. ಮಾಂಗಾದಲ್ಲಿ ಕೆಲವೇ ಚೌಕಗಳಲ್ಲಿ ಮುಗಿಯುವ ಆ ಕುಣಿತವನ್ನು ಅನಿಮೆ ಬಿಡುವಾಗಿ ಬೆಳೆಸಿದೆ. ಹೆಜ್ಜೆಗೆ ಹೆಜ್ಜೆ ಕೂಡುವುದನ್ನು ನೋಡುತ್ತಾ ನೋಡುತ್ತಾ ಅವರಿಬ್ಬರೂ ನಮ್ಮ ಮನೆ ಮಕ್ಕಳಾಗಿಬಿಡುತ್ತಾರೆ.

ಧ್ವನಿಯ ಬಗ್ಗೆಯೂ ಒಂದು ಮಾತು. ಫ್ರೀರೆನ್‌ಗೆ ದನಿ ಕೊಟ್ಟಿರುವವರು ಅತ್ಸುಮಿ ತನೆಝಾಕಿ. ‘ಸ್ಪೈ ಫ್ಯಾಮಿಲಿ’ ಅನಿಮೆಯ ತುಂಟ ಪುಟಾಣಿ ಆನ್ಯಾ ಕೂಡ ಇವರೇ ಅಂದರೆ ನಂಬುವುದು ಕಷ್ಟ! ಇಲ್ಲಿ ಅವರ ದನಿ ಬಹುತೇಕ ಸಮತಟ್ಟು. ಅದಕ್ಕೇ ಅದು ಒಂದೆಳೆ ನಡುಗಿದರೂ ಕೇಳಿಸುತ್ತದೆ.

ಪ್ರಸಾರದಲ್ಲೂ ಜಾಣತನ ಇತ್ತು. 2023ರ ಸೆಪ್ಟೆಂಬರ್ 29ರಂದು ನಿಪ್ಪಾನ್ ಟಿವಿ ಮೊದಲ ನಾಲ್ಕು ಕಂತುಗಳನ್ನು ಒಟ್ಟಿಗೆ, ಸಿನಿಮಾ ಹಾಕುವ ಶುಕ್ರವಾರದ ಹೊತ್ತಿನಲ್ಲಿ ತೋರಿಸಿತು. ಬರೀ ಮೊದಲ ಕಂತು ಬಂದಿದ್ದರೆ ‘ಯಾರೋ ಸತ್ತ’ ಅಂತ ಎಷ್ಟೋ ಜನ ಟಿವಿ ಆರಿಸುತ್ತಿದ್ದರು ಅಂತ ನನ್ನ ಅಂದಾಜು. ನಾಲ್ಕನೆಯದು ಮುಗಿಯುವ ಹೊತ್ತಿಗೆ ಫ್ರೀರೆನ್ ಎಲ್ಲಿಗೆ, ಯಾಕೆ ಹೊರಟಿದ್ದಾಳೆ ಅಂತ ಗೊತ್ತಾಗಿರುತ್ತದೆ. ಸತ್ತವರ ಆತ್ಮಗಳಿರುವ ಜಾಗಕ್ಕೆ, ಹಿಮ್ಮೆಲ್ ಜೊತೆ ಮಾತಾಡಲು.

ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳುವುದಿಲ್ಲ. ಮಾಂತ್ರಿಕರ ಪರೀಕ್ಷೆ ಶುರುವಾದ ಮೇಲೆ ಹೊಸಬರು ಜಾಸ್ತಿ ಬರುತ್ತಾರೆ. ಅರ್ಧ ಜನರ ಹೆಸರು ನನಗೆ ನೆನಪಿಲ್ಲ, ನೆನಪಿಡುವ ಮನಸ್ಸೂ ಆಗಲಿಲ್ಲ. ಕಾದಾಟ ಕಣ್ಣಿಗೆ ಹಬ್ಬ, ಮನಸ್ಸಿಗೆ ಉಪವಾಸ.

ಇನ್ನು ನಿಮ್ಮ ಉಂಗುರ. ಸ್ಟಾರ್ಕ್ ಏನೂ ಗೊತ್ತಿಲ್ಲದೆ ಫೆರ್ನ್‌ಗೆ ಕೊಟ್ಟ ಕಡಗದ ಮೇಲಿನ ಹೂವಿಗೆ ‘ಮುಗಿಯದ ಪ್ರೀತಿ’ ಅನ್ನುವ ಅರ್ಥ ಇದೆ. ಹಿಂದೊಮ್ಮೆ ಹಿಮ್ಮೆಲ್ ಕೊಡಿಸುತ್ತೇನೆ ಅಂದಾಗ ಫ್ರೀರೆನ್ ಯೋಚಿಸದೆ ಆರಿಸಿದ ಉಂಗುರದ ಮೇಲೂ ಅದೇ ಹೂವು. ಅವನು ಏನೂ ಬಾಯಿ ಬಿಡುವುದಿಲ್ಲ, ಮಂಡಿಯೂರಿ ತೊಡಿಸುತ್ತಾನೆ. ಅವಳಿಗೆ ಅದು ಬರೀ ಉಂಗುರ. ನಮಗೆ ಮಾತ್ರ ಮುಂದಿನದು ಗೊತ್ತು: ಇವನು ಇದನ್ನು ಹೇಳದೆ ಐವತ್ತು ವರ್ಷ ಕಾಯುತ್ತಾನೆ. ಮೊದಲ ಕಂತಿನಲ್ಲಿ ಹಗುರಾಗಿ ಕಂಡ ಆ ಐವತ್ತು ವರ್ಷಕ್ಕೆ ಭಾರ ಬಂದಿದ್ದು ಇಲ್ಲಿ. ನೀವು ಅತ್ತಿದ್ದು ಹದಿನಾಲ್ಕನೇ ಕಂತಿಗಲ್ಲ ಸ್ವಾಮಿ, ಮೊದಲನೆಯದಕ್ಕೆ. ಸ್ವಲ್ಪ ತಡವಾಯಿತು ಅಷ್ಟೇ.

ಒಂದು ಕೆಲಸ ಮಾಡಿ. ಮಗಳನ್ನು ಕೂರಿಸಿಕೊಂಡು ಮೊದಲ ಕಂತನ್ನು ಮತ್ತೆ ನೋಡಿ. ಉಲ್ಕೆ ನೋಡಲು ಹೊರಡುವ ಮುಂಚೆ ಮುದುಕ ಹಿಮ್ಮೆಲ್ ಅಲಂಕಾರ ಮಾಡಿಕೊಳ್ಳುತ್ತಾ ತಡ ಮಾಡುತ್ತಾನೆ. ಬೋಳು ತಲೆಗೆ ಅದೆಂಥಾ ಸಿಂಗಾರ ಅಂತ ಫ್ರೀರೆನ್ ಗೊಣಗುತ್ತಾಳೆ. ಮೊದಲ ಸಲ ನೀವೂ ನಕ್ಕಿರಬೇಕು. ಈ ಸಲ ಏನಾಯಿತು, ಬರೆಯಿರಿ.