ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗಿನಲ್ಲಿ ಐದು ಬ್ಯಾಕ್‌ಲಾಗ್ (ಪಾಸಾಗದೆ ಬಾಕಿ ಉಳಿದ ವಿಷಯ) ಇದೆ, ರೀವ್ಯಾಲ್ಯುಯೇಶನ್ (ಮರುಮೌಲ್ಯಮಾಪನ) ಫಲಿತಾಂಶ ಬಂದಿಲ್ಲ. ಐದನೇ ಸೆಮ್ ಕ್ಲಾಸಿಗೆ ಹೋಗಬೇಕಾ, ಬಿಟ್ಟು ಬಿಸಿಎ ಸೇರಬೇಕಾ?

ನಾಳೆ ಬೆಳಿಗ್ಗೆ ಮೊದಲ ಪೀರಿಯಡ್‌ಗೇ ಹೋಗಿ ಕೂತುಕೊಳ್ಳಿ. ಬಿಸಿಎ ವಿಷಯ ಆಮೇಲೆ ನೋಡೋಣ. ನೀವು "ಐದರಲ್ಲಿ ಒಂದಕ್ಕೆ ರೀವ್ಯಾಲ್ಯುಯೇಶನ್ ಹಾಕಿದ್ದೀನಿ, ಅದು ಬರುವವರೆಗೆ ಗೆಳೆಯರ ಎದುರು ಹೋಗಿ ಕೂರಲು ಮುಖವಿಲ್ಲ, ಮನೆಯಲ್ಲೂ ಹೇಳಿಲ್ಲ" ಅಂತ ಬರೆದಿದ್ದೀರಿ. ಓದಿದ ಮೇಲೆ ಉತ್ತರ ಬರೆಯದೆ ಮಲಗಲು ಆಗಲಿಲ್ಲ. 2013ರ ಆಗಸ್ಟಿನಲ್ಲಿ ನಾನೂ ಇದೇ ಹಾಸನದಲ್ಲಿ, ಇದೇ ಐದು ಬಾಕಿ ಇಟ್ಟುಕೊಂಡು ಕೂತಿದ್ದೆ.

ನಮ್ಮದು ಮೂಡಿಗೆರೆ ತಾಲ್ಲೂಕು. ಅಪ್ಪ ಗೋಣಿಬೀಡಿನ ಹತ್ತಿರದ ಒಂದು ಕಾಫಿ ತೋಟದಲ್ಲಿ ರೈಟರು, ಅಂದರೆ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ನಾನು ಹಾಸನದಲ್ಲಿ ಎಲೆಕ್ಟ್ರಾನಿಕ್ಸ್ ಓದುತ್ತಿದ್ದೆ, ವಿದ್ಯಾನಗರದಲ್ಲಿ ರೂಮು ಮಾಡಿದ್ದೆವು. ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2010ರ ಸ್ಕೀಮು, ಅಂದರೆ ಆ ವರ್ಷ ಜಾರಿಗೆ ಬಂದ ಪಠ್ಯಕ್ರಮ. ಕಾಲೇಜಿನಲ್ಲೇ ಕೊಡುವ ಇಂಟರ್ನಲ್ ಅಂಕ 25, ವಿಶ್ವವಿದ್ಯಾಲಯದ ಪರೀಕ್ಷೆ 100, ಪರೀಕ್ಷೆಯಲ್ಲಿ 35 ಬರಲೇಬೇಕು. ಮೂರನೇ ಸೆಮ್ಮಿನ ಫೀಲ್ಡ್ ಥಿಯರಿ ಮತ್ತು ಎಂ-3 (ಗಣಿತ) ಮೊದಲೇ ಬಾಕಿ ಇದ್ದವು. ನಾಲ್ಕನೇ ಸೆಮ್ಮಿನಲ್ಲಿ ಎಂ-4, ಕಂಟ್ರೋಲ್ ಸಿಸ್ಟಮ್ಸ್, ಸಿಗ್ನಲ್ಸ್ ಮೂರೂ ಹೋದವು. ಮೂರನೇ ವರ್ಷಕ್ಕೆ ಹೋಗಬೇಕಾದರೆ ಮೊದಲ ವರ್ಷದ್ದೆಲ್ಲ ಮುಗಿದಿರಬೇಕು, ಎರಡನೇ ವರ್ಷದ ಬಾಕಿ ನಾಲ್ಕನ್ನು ದಾಟಬಾರದು ಅನ್ನುವುದು ಆಗಿನ ನಿಯಮ. ನನ್ನದು ಐದು. ಹಾಗಾಗಿ ಇಯರ್ ಬ್ಯಾಕ್, ಅಂದರೆ ಮುಂದಿನ ವರ್ಷಕ್ಕೆ ಹೋಗದೆ ಒಂದು ವರ್ಷ ಹಿಂದೆ ಉಳಿಯುವುದು. ಸಿಗ್ನಲ್ಸ್‌ನಲ್ಲಿ 31 ಬಂದಿತ್ತು, ಅದೊಂದಕ್ಕೆ ರೀವ್ಯಾಲ್ಯುಯೇಶನ್ ಹಾಕಿದೆ.

ನಾನು ಮಾಡಿದ ತಪ್ಪು ಇಲ್ಲಿಂದ ಶುರುವಾಗುತ್ತದೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ.

ನಮ್ಮ ಕಾಲೇಜಿನಲ್ಲಿ ರೀವ್ಯಾಲ್ಯುಯೇಶನ್ ಹಾಕಿದವರಿಗೆ ಒಂದು ದಾರಿ ಇತ್ತು. ಫಲಿತಾಂಶ ವ್ಯತಿರಿಕ್ತವಾಗಿ ಬಂದರೆ ನಾನೇ ಹೊಣೆ ಅಂತ ಮುಚ್ಚಳಿಕೆ ಬರೆದುಕೊಟ್ಟು, ಐದನೇ ಸೆಮ್ಮಿನ ಕ್ಲಾಸಿನಲ್ಲಿ ತಾತ್ಕಾಲಿಕವಾಗಿ ಕೂರಬಹುದಿತ್ತು. ಹಾಜರಿ ಹಾಕುತ್ತಿದ್ದರು, ಇಂಟರ್ನಲ್ ಬರೆಸುತ್ತಿದ್ದರು. ನೋಟಿಸ್ ಬೋರ್ಡಿನಲ್ಲಿ ಅದರ ಬಗ್ಗೆ ಒಂದು ಹಾಳೆ ಅಂಟಿಸಿದ್ದರು. ನಾನು ಅದನ್ನು ಓದಿದ್ದೆ, ಅರ್ಥವೂ ಆಗಿತ್ತು. ಆದರೂ ಬರೆದುಕೊಡಲಿಲ್ಲ. ಈಗ ಐದಿದೆ, ಐದಿದ್ದರೆ ನಿಯಮದ ಪ್ರಕಾರ ನನಗೆ ಜಾಗವಿಲ್ಲ, ನಾಳೆ ನಾಲ್ಕಾದರೆ ಅದೇ ನಿಯಮದ ಪ್ರಕಾರ ಜಾಗ ಕೊಡಲೇಬೇಕು, ಹಾಗಿದ್ದ ಮೇಲೆ ಮಧ್ಯದಲ್ಲಿ ಹೋಗಿ ಕೂತು, ಎಲ್ಲರ ಕೈಲಿ "ನಿಂಗೆ ಇಯರ್ ಬ್ಯಾಕ್ ಅಲ್ವಾ?" ಅನ್ನಿಸಿಕೊಳ್ಳುವುದು ಯಾಕೆ? ಹೀಗೆ ಯೋಚಿಸಿದೆ. ಲೆಕ್ಕ ಸರಿಯಾಗಿಯೇ ಇದೆ ಅಂತ ಆಗ ಅನ್ನಿಸಿತ್ತು. ನೀವೂ ಇದೇ ಲೆಕ್ಕ ಹಾಕುತ್ತಿದ್ದೀರಿ ಅನ್ನುವುದು ನಿಮ್ಮ ಪ್ರಶ್ನೆಯ ಎರಡನೇ ಸಾಲಿನಲ್ಲೇ ಕಾಣುತ್ತದೆ.

ಮುಂದಿನ ಸೆಮ್ಮಿಗೆ ಅರ್ಹತೆ ಬರುವುದು ವಿಶ್ವವಿದ್ಯಾಲಯದ ಫಲಿತಾಂಶದಿಂದ. ಆದರೆ ಆ ಸೆಮ್ಮಿನ ವಿದ್ಯಾರ್ಥಿ ಆಗುವುದು ಕಾಲೇಜಿನ ಆಫೀಸಿನಲ್ಲಿ: ಫೀಸಿನ ಚಲನ್, ವಿಷಯಗಳ ನೋಂದಣಿ ಫಾರ್ಮು, ಪ್ರಾಕ್ಟರ್ (ನಮ್ಮನ್ನು ನೋಡಿಕೊಳ್ಳುವ ಅಧ್ಯಾಪಕರು) ಸಹಿ. ಇದಕ್ಕೆ ಕೊನೆಯ ದಿನಾಂಕ ಇರುತ್ತದೆ, ಅದು ರೀವ್ಯಾಲ್ಯುಯೇಶನ್‌ಗೆ ಕಾಯುವುದಿಲ್ಲ. ಹಾಜರಿ ಎಣಿಸುವುದು ಸೆಮ್ ಶುರುವಾದ ದಿನದಿಂದ, ನಿಮ್ಮ ಫಲಿತಾಂಶ ಬಂದ ದಿನದಿಂದ ಅಲ್ಲ. ವಿಟಿಯುನಲ್ಲಿ 85 ಪರ್ಸೆಂಟ್ ಹಾಜರಿ ಬೇಕು. ಕಾಯಿಲೆಯಂಥ ಕಾರಣ ಇದ್ದು, ದಾಖಲೆ ಇದ್ದು, ಪ್ರಿನ್ಸಿಪಾಲರು ಶಿಫಾರಸು ಮಾಡಿದರೆ ಇನ್ನು ಹತ್ತು ಪರ್ಸೆಂಟಿನವರೆಗೆ ಮನ್ನಾ ಸಿಗಬಹುದು. 75ಕ್ಕಿಂತ ಕೆಳಗೆ ಯಾರೂ ಏನೂ ಮಾಡಲಾರರು. "ಫಲಿತಾಂಶಕ್ಕೆ ಕಾಯುತ್ತಿದ್ದೆ" ಅನ್ನುವುದು ಮನ್ನಾಕ್ಕೆ ಕಾರಣವೇ ಅಲ್ಲ. ನಾನು ಇವೆಲ್ಲವನ್ನೂ ಒಂದೇ ಬಾಗಿಲು ಅಂದುಕೊಂಡಿದ್ದೆ. ಅರ್ಹತೆ ಬಂದರೆ ಉಳಿದದ್ದು ತಾನಾಗಿಯೇ ಆಗುತ್ತದೆ ಅಂತ.

ರೂಮಿನಲ್ಲಿ ಜೊತೆಯವರು ಬೆಳಿಗ್ಗೆ ರೆಡಿಯಾಗಿ ಹೊರಡುವುದನ್ನು ನೋಡಲಾರದೆ ಊರಿಗೆ ಹೋದೆ. ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು, ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುತ್ತಿದ್ದರು. ಒಂದು ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸಿ, ಇನ್ನೊಂದರಲ್ಲಿ ಸುಣ್ಣ ಕಲಸಿ ಸೋಸಿ, ಎರಡನ್ನೂ ಸೇರಿಸಿದಾಗ ನೀಲಿ ಬಣ್ಣದ ಗಟ್ಟಿ ನೀರು ಆಗುತ್ತದಲ್ಲ, ಅದನ್ನು ಕೋಲಿನಲ್ಲಿ ತಿರುಗಿಸುತ್ತ ನಿಲ್ಲುತ್ತಿದ್ದೆ. ಬೆರಳ ಸಂದಿಯಲ್ಲೆಲ್ಲ ನೀಲಿ. ಅಪ್ಪ ಕೇಳಿದಾಗ "ಕಾಲೇಜು ಇನ್ನೂ ಶುರುವಾಗಿಲ್ಲ" ಅಂದೆ. ಅವರು ನಂಬಿದರು. ಅದೇ ಸಮಯಕ್ಕೆ ಹಾಸನದಲ್ಲಿ ಮೊದಲ ಇಂಟರ್ನಲ್ ನಡೆಯುತ್ತಿತ್ತು.

ಸೆಪ್ಟೆಂಬರ್ ಕೊನೆಗೆ ಮೂಡಿಗೆರೆಯ ಸೈಬರ್ ಸೆಂಟರಿನಲ್ಲಿ ಫಲಿತಾಂಶ ನೋಡಿದೆ. ಸಿಗ್ನಲ್ಸ್ ಪಾಸು. ಐದು ಇದ್ದದ್ದು ನಾಲ್ಕಾಗಿತ್ತು. ಮಾರನೇ ದಿನ ಮೊದಲ ಬಸ್ಸಿಗೇ ಬೇಲೂರು ಮೇಲೆ ಹಾಸನಕ್ಕೆ ಹೋದೆ. ಆಫೀಸಿನಲ್ಲಿ ಮೇಡಂ ಐದನೇ ಸೆಮ್ಮಿನ ಪಟ್ಟಿ ತೆಗೆದು, ಬೆರಳಿಟ್ಟು ಕೆಳಗಿನವರೆಗೆ ನೋಡಿದರು. "ನಿನ್ನ ಯುಎಸ್‌ಎನ್ ಇಲ್ಲವಲ್ಲಮ್ಮ. ಅಂಡರ್‌ಟೇಕಿಂಗ್ ಕೊಟ್ಟಿದ್ದೆಯಾ?" ಯುಎಸ್‌ಎನ್ ಅಂದರೆ ವಿಶ್ವವಿದ್ಯಾಲಯ ಕೊಟ್ಟ ನಂಬರು, ಅಂಡರ್‌ಟೇಕಿಂಗ್ ಅಂದರೆ ಅದೇ ಮುಚ್ಚಳಿಕೆ. ಇಲ್ಲ ಅಂದೆ. ವಿಭಾಗದ ಮುಖ್ಯಸ್ಥರು (ಎಚ್‌ಒಡಿ) ಬೈಯಲಿಲ್ಲ. ಒಂದು ಹಾಳೆಯ ಹಿಂಬದಿಯಲ್ಲಿ ಆಗಿಹೋದ ಕ್ಲಾಸುಗಳನ್ನೂ ಉಳಿದ ಕ್ಲಾಸುಗಳನ್ನೂ ಬರೆದು ತೋರಿಸಿದರು. "ಇವತ್ತಿಂದ ಒಂದು ಕ್ಲಾಸೂ ಬಿಡದೆ ಬಂದ್ರೂ 75 ಮುಟ್ಟಲ್ಲ ಕಣಮ್ಮ." ನನ್ನ ಹಾಗೇ ಐದು ಬಾಕಿ ಇದ್ದ ಒಬ್ಬ ಹುಡುಗ ಮುಚ್ಚಳಿಕೆ ಕೊಟ್ಟು ಕೂತಿದ್ದ, ಅವನಿಗೂ ಒಂದು ಪಾಸಾಗಿತ್ತು. ಅವನು ಮೂರನೇ ವರ್ಷದಲ್ಲಿ ಉಳಿದ. ನಾನು ಮನೆಗೆ ಹೋದೆ. ನಿಯಮ ನನಗೆ ಕೊಟ್ಟಿದ್ದ ವರ್ಷವನ್ನು ನಾನೇ ಕೈಬಿಟ್ಟಿದ್ದೆ.

ಅವತ್ತು ರಾತ್ರಿ ಅಪ್ಪನಿಗೆ ಎಲ್ಲ ಹೇಳಿದೆ. ಅವರಿಗೆ ಸೆಮಿಸ್ಟರು, ಬ್ಯಾಕ್‌ಲಾಗು ಒಂದೂ ಗೊತ್ತಿಲ್ಲ, ಆದರೆ ನನಗಿಂತ ಬೇಗ ಅರ್ಥವಾಯಿತು. "ದಿನವಿಡೀ ಮಳೇಲಿ ನೆಂದ್ಕೊಂಡು ಕೆಲ್ಸ ಮಾಡಿರ್ಲಿ, ಬೆಳಿಗ್ಗೆ ಚೆಕ್‌ರೋಲಲ್ಲಿ ಹೆಸ್ರು ಬಿದ್ದಿಲ್ಲಾಂದ್ರೆ ಬಟವಾಡೆ ದಿನ ನಾನೆಲ್ಲಿಂದ ಕೊಡ್ಲಿ ಮಗಾ?" ಅಂದರು. ಚೆಕ್‌ರೋಲ್ ಅಂದರೆ ಆಳುಗಳ ಹಾಜರಿ ಪುಸ್ತಕ, ಅದನ್ನು ನೋಡಿಯೇ ಕೂಲಿ ಬಟವಾಡೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪುಸ್ತಕದಲ್ಲಿ ಹೆಸರು ಬರೆದವರು ಅವರು.

ಆ ವರ್ಷದ ಬೆಲೆ ಎಷ್ಟು ಅಂತ ಆಗ ಗೊತ್ತಾಗಲಿಲ್ಲ. ಕಾಲೇಜಿನಲ್ಲಿ ದಾಖಲಾಗಿಲ್ಲದ ಕಾರಣ ವ್ಯಾಸಂಗ ಪ್ರಮಾಣಪತ್ರ ಸಿಗಲಿಲ್ಲ, ಅದಿಲ್ಲದೆ ಬಸ್ ಪಾಸಿಲ್ಲ, ಬಾಕಿ ಪರೀಕ್ಷೆ ಬರೆಯಲು ಹೋಗುವಾಗಲೆಲ್ಲ ಪೂರ್ತಿ ಟಿಕೆಟ್. ಶಿಕ್ಷಣ ಸಾಲ ಕೊಟ್ಟ ಬ್ಯಾಂಕಿಗೆ ಆ ವರ್ಷದ ಅಂಕಪಟ್ಟಿ ಕೊಡಲಾಗಲಿಲ್ಲ. ಕೋರ್ಸು ಒಂದು ವರ್ಷ ಮುಂದಕ್ಕೆ ಹೋಗಿದೆ ಅಂತ ಕಾಲೇಜಿನಿಂದ ಪತ್ರ ತಂದುಕೊಟ್ಟ ಮೇಲೆ ಮ್ಯಾನೇಜರು ಸುಮ್ಮನಾದರು. ಮನೆಯಲ್ಲಿರುವ ಹುಡುಗಿ ಅಂದ ಮೇಲೆ ಸಕಲೇಶಪುರದ ಕಡೆಯಿಂದ ಒಂದು ಸಂಬಂಧವೂ ಬಂತು. ಅತ್ತೆಯೇ ತಂದಿದ್ದು. "ಓದು ಅರ್ಧಕ್ಕೆ ನಿಂತಿದೆಯಲ್ಲ" ಅಂತ ಅವರೇ ಹೇಳಿಕೊಂಡು ಬಂದಿದ್ದರು. ಅಪ್ಪ ಒಪ್ಪಲಿಲ್ಲ, ಅದಕ್ಕೆ ನಾನು ಇವತ್ತಿಗೂ ಋಣಿ. ಎಲ್ಲ ಮನೆಯಲ್ಲೂ ಅಪ್ಪ ಹಾಗೆ ನಿಲ್ಲುವುದಿಲ್ಲ. ನನ್ನ ಜೊತೆ ಇಯರ್ ಬ್ಯಾಕ್ ಆದ ಇನ್ನೊಬ್ಬ ಹುಡುಗಿ ವಾಪಸ್ ಬರಲೇ ಇಲ್ಲ. ಹುಡುಗರಿಗೆ ಒಂದು ವರ್ಷ ಹೋದರೆ ಒಂದು ವರ್ಷ. ಹುಡುಗಿಯರಿಗೆ ಕೆಲವೊಮ್ಮೆ ಡಿಗ್ರಿಯೇ ಹೋಗುತ್ತದೆ. ಇದನ್ನು ಕಾಲೇಜಿನವರು ಪ್ರತಿಯೊಬ್ಬ ವಿದ್ಯಾರ್ಥಿಗೂ ಕೂರಿಸಿಕೊಂಡು ಹೇಳಬೇಕು, ಮನೆಗೆ ಫೋನ್ ಮಾಡಿ ಹೇಳಬೇಕು. ಬೋರ್ಡಿಗೆ ಒಂದು ಹಾಳೆ ಅಂಟಿಸಿದರೆ ಸಾಲದು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮದು 2022ರ ಸ್ಕೀಮ್ ಅಂದಿದ್ದೀರಿ. ನಿಮಗೆ ಕಾಯುವುದು ನನಗಿಂತಲೂ ದುಬಾರಿ. ನಿಮ್ಮಲ್ಲಿ ಇಂಟರ್ನಲ್ 50, ಪರೀಕ್ಷೆ 50. ಇಂಟರ್ನಲ್‌ನಲ್ಲಿ ಕನಿಷ್ಠ 20 ಇಲ್ಲದಿದ್ದರೆ ಆ ವಿಷಯದ ಪರೀಕ್ಷೆಗೇ ಕೂರಿಸುವುದಿಲ್ಲ. ಪರೀಕ್ಷೆಯಲ್ಲಿ 18, ಎರಡೂ ಸೇರಿ 40 ಬೇಕು. ಅಂದರೆ ಅರ್ಧದಷ್ಟು ಅಂಕ ಕ್ಲಾಸಿನಲ್ಲೇ ಇದೆ. ಈಗ ನಡೆಯುತ್ತಿರುವ ಅಸೈನ್‌ಮೆಂಟು, ಮೊದಲ ಟೆಸ್ಟು ತಪ್ಪಿದರೆ, ರೀವ್ಯಾಲ್ಯುಯೇಶನ್‌ನಲ್ಲಿ ಪಾಸಾದ ಸಂತೋಷದಲ್ಲೇ ಹೊಸ ಬಾಕಿಗಳು ಶುರುವಾಗುತ್ತವೆ. ಎಷ್ಟು ಬಾಕಿ ಇದ್ದರೆ ಮುಂದಕ್ಕೆ ಹೋಗಬಹುದು ಅನ್ನುವುದನ್ನು ಸೀನಿಯರ್ ಬಾಯಲ್ಲಿ, ವಾಟ್ಸಾಪ್ ಗುಂಪಿನಲ್ಲಿ ಕೇಳಬೇಡಿ. ನನ್ನ ಕಾಲದ ನಾಲ್ಕರ ಲೆಕ್ಕವನ್ನೂ ನಂಬಬೇಡಿ. ಸ್ಕೀಮಿಗೊಂದು ನಿಯಮ, ಸ್ವಾಯತ್ತ ಕಾಲೇಜಾದರೆ ಅವರದೇ ನಿಯಮ ಪುಸ್ತಕ. ಅದರಲ್ಲಿ ಮುಂದಿನ ವರ್ಷಕ್ಕೆ ಹೋಗುವ ಅರ್ಹತೆಯ ಭಾಗ ಎರಡು ಪುಟ ಇರಬಹುದು, ಅದನ್ನು ಪ್ರಿಂಟ್ ತೆಗೆದುಕೊಂಡು ಪ್ರಾಕ್ಟರ್ ಹತ್ತಿರ ಹೋಗಿ. ತಾತ್ಕಾಲಿಕವಾಗಿ ಕೂರಲು ಅರ್ಜಿ ಬರೆದು ಕೊಡಿ. ಬಾಯಿಮಾತಿನಲ್ಲಿ ಕೇಳಬೇಡಿ. ಒಂದು ಪ್ರತಿಯ ಮೇಲೆ ಆಫೀಸಿನ ಸೀಲು, ದಿನಾಂಕ ಹಾಕಿಸಿಕೊಂಡು ಇಟ್ಟುಕೊಳ್ಳಿ.

ಬಿಸಿಎ ಸೇರಲಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇಂಜಿನಿಯರಿಂಗಿನಲ್ಲಿ ನಿಮಗೆ ಉಳಿದಿರುವುದು ಎರಡು ವರ್ಷ. ಇಯರ್ ಬ್ಯಾಕ್ ಆದರೂ ಮೂರು. ರಾಜ್ಯದಲ್ಲಿ ನಾಲ್ಕು ವರ್ಷದ ಪದವಿ ಕೈಬಿಟ್ಟು 2024-25ರಿಂದ ಮತ್ತೆ ಮೂರು ವರ್ಷ ಮಾಡಿದ್ದಾರೆ, ಹಾಗಾಗಿ ಬಿಸಿಎ ಕೂಡ ಮೂರೇ ವರ್ಷ. ಮೊದಲ ಸೆಮ್ಮಿನಿಂದ ಹೊಸದಾಗಿ, ಬೇರೆ ವಿಶ್ವವಿದ್ಯಾಲಯದ ಕೆಳಗೆ. ನೀವು ಹೇಳಿದ ಹಾಗೆ ಚಿಕ್ಕಮಗಳೂರಿಗೆ ಹೋದರೆ ಕುವೆಂಪು ವಿಶ್ವವಿದ್ಯಾಲಯ. ಮೂರು ವರ್ಷ ಹೇಗೂ ಕಳೆಯುವುದಾದರೆ, ಎರಡು ವರ್ಷ ಕಷ್ಟಪಟ್ಟು ಪಾಸು ಮಾಡಿದ ವಿಷಯಗಳನ್ನೆಲ್ಲ ಯಾಕೆ ಬಿಸಾಡುತ್ತೀರಿ? ಎಲೆಕ್ಟ್ರಾನಿಕ್ಸ್ ಮೇಲೆ ನಿಜಕ್ಕೂ ಆಸೆ ಇಲ್ಲ, ಬೇರೆಯದೇ ಓದಬೇಕು ಅನ್ನುವುದಾದರೆ ಅದು ಬೇರೆ ಮಾತು. ಆದರೆ ನಿಮ್ಮ ಪ್ರಶ್ನೆಯಲ್ಲಿ ಆ ಮಾತು ಒಂದು ಕಡೆಯೂ ಇಲ್ಲ. ಇರುವುದು "ಎಲ್ಲರಿಗೂ ಗೊತ್ತಾಗುತ್ತದೆ" ಅನ್ನುವುದೊಂದೇ.

ಗೊತ್ತಾಗುತ್ತದೆ, ಹೌದು. ನಾನು 2014ರಲ್ಲಿ ಜೂನಿಯರ್‌ಗಳ ಜೊತೆ ಕೂತೆ. ಮೊದಲ ವಾರ ಕಷ್ಟವಾಯಿತು, ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದೆ. ಆಮೇಲೆ ನಾಲ್ಕನೇ ಸೆಮ್ಮಿನ ಮೈಕ್ರೋಕಂಟ್ರೋಲರ್ ಲ್ಯಾಬಿನಲ್ಲಿ ಕಲಿತದ್ದು ನನಗೆ ಚೆನ್ನಾಗಿ ನೆನಪಿದೆ ಅಂತ ಗೊತ್ತಾಗಿ, ಪಕ್ಕದವರು ಕೇಳಲು ಶುರು ಮಾಡಿದರು. ಅವರಲ್ಲಿ ಇಬ್ಬರು ಈಗಲೂ ನನ್ನ ಆಪ್ತ ಗೆಳತಿಯರು. 2016ರಲ್ಲಿ ಮುಗಿಸಿದೆ. ಕ್ಯಾಂಪಸ್ಸಿಗೆ ಬಂದ ಕೆಲವು ಕಂಪನಿಗಳು ಇಯರ್ ಬ್ಯಾಕ್ ಇದ್ದವರನ್ನು ಮೊದಲ ಸುತ್ತಿಗೂ ಕರೆಯಲಿಲ್ಲ. ಹೊರಗೆ ಹುಡುಕಿಕೊಂಡೆ, ಈಗ ಬೆಂಗಳೂರಿನಲ್ಲಿ ಎಂಬೆಡೆಡ್ ಟೆಸ್ಟಿಂಗ್ ಕೆಲಸ. ಇವತ್ತಿನವರೆಗೆ ಕೆಲಸದ ಜಾಗದಲ್ಲಿ ಒಬ್ಬರೂ ಆ ವರ್ಷದ ಬಗ್ಗೆ ಕೇಳಿಲ್ಲ.

ಮನೆಯಲ್ಲಿ ಇವತ್ತೇ ಹೇಳಿ. ಫಲಿತಾಂಶ ಬಂದ ಮೇಲೆ ಹೇಳ್ತೀನಿ ಅಂದುಕೊಂಡರೆ, ಅಲ್ಲಿಯವರೆಗೆ ಸುಳ್ಳಿನ ಜೊತೆ ಬದುಕಬೇಕು. ಆ ಸುಳ್ಳು ಉಳಿಸಿಕೊಳ್ಳಲಿಕ್ಕಾಗಿಯೇ ನಾನು ಆಫೀಸಿಗೆ ಹೋಗುವುದನ್ನೂ ಮುಂದಕ್ಕೆ ಹಾಕಿದ್ದು. ಫೀಸು ಕಟ್ಟಬೇಕು ಅಂತ ಅಪ್ಪನನ್ನು ಕೇಳಿದರೆ ಕಾಲೇಜು ಶುರುವಾಗಿದೆ ಅಂತ ಗೊತ್ತಾಗುತ್ತಿತ್ತು.

ಒಂದು ವೇಳೆ ರೀವ್ಯಾಲ್ಯುಯೇಶನ್‌ನಲ್ಲಿ ಆಗಲಿಲ್ಲ ಅಂತಿಟ್ಟುಕೊಳ್ಳಿ. ಆಗಲೂ ಸುಮ್ಮನೆ ಮನೆಗೆ ಹೋಗಿಬಿಡಬೇಡಿ. ಇಯರ್ ಬ್ಯಾಕ್ ಆಗಿದೆ, ಮುಂದಿನ ವರ್ಷ ವಾಪಸ್ ಸೇರುತ್ತೇನೆ ಅಂತ ಕಾಲೇಜಿಗೆ ಬರೆದುಕೊಟ್ಟು ಹೋಗಿ. ಯಾರು ಏನೇ ಹೇಳಲಿ, ಟಿಸಿ ತೆಗೆದುಕೊಳ್ಳಬೇಡಿ. ನಾಲ್ಕು ವರ್ಷದ ಬಿಇಯನ್ನು ಎಂಟು ವರ್ಷದೊಳಗೆ ಮುಗಿಸಬೇಕು, ಮನೆಯಲ್ಲಿದ್ದ ವರ್ಷವೂ ಆ ಎಂಟರಲ್ಲೇ ಸೇರುತ್ತದೆ. ವಾಪಸ್ ಬರುವಾಗ ನಿಮ್ಮ ಜೊತೆ ಕೂರುವ ಬ್ಯಾಚಿನ ಸ್ಕೀಮ್ ಬದಲಾಗಿದ್ದರೆ ಹೆಚ್ಚಿನ ವಿಷಯ ಬರೆಯಬೇಕಾ ಅಂತ ಮೊದಲೇ ಕೇಳಿ. ಬಾಕಿ ವಿಷಯಗಳ ಪರೀಕ್ಷೆಗೆ ಅರ್ಜಿ ಕರೆಯುವಾಗ ನೀವು ಕ್ಲಾಸಿನಲ್ಲಿ ಇರುವುದಿಲ್ಲ, ಯಾರೂ ಫೋನ್ ಮಾಡಿ ತಿಳಿಸುವುದಿಲ್ಲ. ಆದ್ದರಿಂದ ನಾಳೆ ಆಫೀಸಿಗೆ ಹೋದಾಗಲೇ, ಮುಂದಿನ ಪರೀಕ್ಷೆಗೆ ಅರ್ಜಿ ಯಾವಾಗ ಕರೆಯುತ್ತಾರೆ ಅಂತ ಕೇಳಿ ಬರೆದಿಟ್ಟುಕೊಳ್ಳಿ, ಕ್ಲಾಸಿನಲ್ಲಿರುವ ಒಬ್ಬ ಗೆಳೆಯನಿಗೂ ಹೇಳಿಡಿ.