ಲೆನ್ಸ್ ಇಲ್ಲದೆ ತೆಗೆದ ಚಿತ್ರಗಳು

ಪ್ರಶ್ನೆ: 1896ರಲ್ಲಿ ವಿಯೆನ್ನಾದಲ್ಲಿ ತೆಗೆದ ಕಪ್ಪೆ, ಮೀನು, ಹಾವುಗಳ ಎಕ್ಸ್-ರೇ ಚಿತ್ರಗಳನ್ನು ಕಲಾ ಸಂಗ್ರಹಾಲಯಗಳು ಕಾಪಾಡಿಕೊಂಡಿವೆ ಎಂದು ಓದಿದೆ. ಅಂಗರಚನೆ ತೋರಿಸಲು ಯಂತ್ರದಿಂದ ತೆಗೆದ ಚಿತ್ರವನ್ನು ಕಲೆ ಎನ್ನಬಹುದೇ?
— ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಖಂಡಿತ ಎನ್ನಬಹುದು. ನೀವು ಹೇಳುತ್ತಿರುವುದು ಯೋಸೆಫ್ ಮರಿಯಾ ಎಡರ್ ಮತ್ತು ಎಡುವಾರ್ಡ್ ವಾಲೆಂಟಾ ಅವರ ಚಿತ್ರಸಂಪುಟವನ್ನು. ಜರ್ಮನ್ ಭೌತವಿಜ್ಞಾನಿ ರಾಂಟ್‌ಜೆನ್ 1895ರ ನವೆಂಬರ್ 8ರಂದು ಕ್ಷ-ಕಿರಣಗಳನ್ನು ಕಂಡು ವರ್ಷದ ಕೊನೆಗೆ ಪ್ರಕಟಿಸಿದರು. ಮರುವರ್ಷದ ಆರಂಭದಲ್ಲೇ ಇವರಿಬ್ಬರು 15 ಚಿತ್ರಫಲಕಗಳನ್ನು ಹೊರತಂದರು. ಇಬ್ಬರೂ ಛಾಯಾಗ್ರಹಣದ ರಸಾಯನಶಾಸ್ತ್ರವನ್ನು ಅರೆದು ಕುಡಿದವರು.

ಕ್ಷ-ಕಿರಣವನ್ನು ಗಾಜಿನ ಲೆನ್ಸಿನಿಂದ ಒಂದೆಡೆ ಕೂಡಿಸಲಾಗದು. ಪ್ರಾಣಿಯನ್ನು ಛಾಯಾಗ್ರಹಣದ ಫಲಕದ ಮೇಲಿಟ್ಟು ಅದರ ನೆರಳನ್ನು ಹಿಡಿಯಬೇಕು, ಅಷ್ಟೆ. ಹೀಗಾಗಿ ಚಿತ್ರದ ಸೊಗಸೂ ಸ್ಪಷ್ಟತೆಯೂ ಪ್ರಾಣಿಯನ್ನು ಹೇಗೆ ಮಲಗಿಸಿದರು, ಎಷ್ಟು ಹೊತ್ತು ಕಿರಣ ಹಾಯಿಸಿದರು ಎಂಬುದನ್ನೇ ಅವಲಂಬಿಸಿದ್ದವು. ಕಪ್ಪೆಗಳ ಚಿತ್ರಫಲಕವನ್ನೇ ನೋಡಿ. ಒಂದು ಬೋರಲಾಗಿ, ಇನ್ನೊಂದು ಅಂಗಾತ ಮಲಗಿವೆ. ಫಲಕಕ್ಕೆ ಹತ್ತಿರವಿದ್ದ ಮೂಳೆಯ ನೆರಳು ಹೆಚ್ಚು ಚೂಪಾಗಿ ಬೀಳುವುದರಿಂದ, ಅಂಗಾತ ಮಲಗಿದ ಕಪ್ಪೆಯಲ್ಲಿ ಬೆನ್ನೆಲುಬಿಗೆ ಅನುಕೂಲ. ಪಕ್ಕೆಲುಬುಗಳಿಲ್ಲದ ಆ ಮುಂಡ, ಸೊಂಟದಲ್ಲಿ ಎರಡು ನೀಳ ಮೂಳೆಗಳ ನಡುವೆ ಕಡ್ಡಿಯಂತೆ ಇಳಿಯುವ ಬಾಲದೆಲುಬು, ಇವನ್ನು ನೀವು ಪ್ರಯೋಗಶಾಲೆಯಲ್ಲಿ ಕತ್ತರಿ ಹಿಡಿದು ಬಿಡಿಬಿಡಿಯಾಗಿ ಕಂಡಿರುತ್ತೀರಿ. ಇಲ್ಲಿ ಅವು ತಮ್ಮ ತಮ್ಮ ಜಾಗದಲ್ಲೇ, ತೆಳು ನೆರಳಾಗಿ ಉಳಿದ ಮಾಂಸದೊಳಗೇ ಇವೆ. ಎರಡು ಭಂಗಿಗಳನ್ನು ಅಕ್ಕಪಕ್ಕ ಇಟ್ಟದ್ದು ಹೋಲಿಕೆಗೆ ನೆರವಾಗುತ್ತದೆ, ಕಣ್ಣಿಗೆ ಲಯವನ್ನೂ ಕೊಡುತ್ತದೆ. ಇವೆರಡನ್ನು ಬೇರ್ಪಡಿಸಲು ನನಗಂತೂ ಸಾಧ್ಯವಾಗಿಲ್ಲ.

ಮುದ್ರಣವನ್ನೂ ಮರೆಯಬಾರದು. ಈ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು, ಶಾಯಿ ತುಂಬಿ ಕಾಗದಕ್ಕೆ ಒತ್ತುವ ಫೋಟೋಗ್ರಾವ್ಯೂರ್ ವಿಧಾನದಲ್ಲಿ ಅಚ್ಚು ಹಾಕಿದರು. ಮೂಳೆಯ ಸುಣ್ಣದಂಶ ಕಿರಣವನ್ನು ಹೆಚ್ಚು ತಡೆಯುತ್ತದೆ, ಮಾಂಸ ಕಡಿಮೆ. ಈ ಎರಡರ ನಡುವಿನ ನೂರಾರು ಬೂದುಛಾಯೆಗಳು ಅಚ್ಚಿನಲ್ಲಿ ಕಳೆದುಹೋಗಿದ್ದರೆ ದಾಖಲೆಯೂ ಕೆಡುತ್ತಿತ್ತು. ಕೆಲವನ್ನು ಮೂಳೆ ಬೆಳ್ಳಗೆ ಕಾಣುವ ನೆಗೆಟಿವ್ ಆಗಿಯೇ, ಕೆಲವನ್ನು ಮೂಳೆ ಕಪ್ಪಗೆ ಕಾಣುವ ಪಾಸಿಟಿವ್ ಆಗಿ ಮುದ್ರಿಸಿದ್ದಾರೆ. ಉದ್ದನೆಯ ಹಾವನ್ನು ಫಲಕದ ಅಳತೆಗೆ ಸುರುಳಿ ಸುತ್ತಿಸಿದ್ದು ಅನಿವಾರ್ಯದಿಂದ. ಆದರೆ ಬೆನ್ನೆಲುಬಿನ ಒಂದೊಂದು ಗಂಟಿನಿಂದಲೂ ಹೊರಟ ಪಕ್ಕೆಲುಬುಗಳು ಆ ತಿರುವುಗಳಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಂಡದ್ದನ್ನು ಕಂಡರೆ, ಕಲಾ ಸಂಗ್ರಹಾಲಯದವರು ಅದನ್ನು ಏಕೆ ಬಿಡಲಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.